ತಪಾಸಣೆ ಆಗಿಲ್ಲ

ತುಮಕೂರಿನಲ್ಲಿ ನಾನು ಮಾಡುತ್ತಿದ್ದ ಕೆಲಸ ಅರ್ಥವಾಗುತ್ತಿದ್ದವರು ನನಗೆ ತಿಳಿದಂತೆ ಒಬ್ಬರೇ ಇದ್ದರು. ದಿನಾ ಗುಬ್ಬಿಯಿಂದ ಟ್ರೇನಿನಲ್ಲಿ ಬರುತ್ತಿದ್ದರು. ಅವರನ್ನು ನಾನು ಕಳೆದುಕೊಂಡದ್ದು ಒಂದು ಪದದ ದೆಸೆಯಿಂದ. ಆ ಪದವನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಬಹಳ ಜಾಣತನ ಮಾಡುತ್ತಿದ್ದೇನೆ ಅಂದುಕೊಂಡು ನಾನೇ ಹುಡುಕಿ, ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದದ್ದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಊರಾಚೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೀಟು ಹೊದಿಸಿದ ಒಂದು ಕಟ್ಟಡ, ಅದರಲ್ಲಿ ಆರು ಜನರ ಕಂಪನಿ. ಕೋಲ್ಡ್ ಸ್ಟೋರೇಜುಗಳಿಗೆ ಬೇಕಾದ ಒಂದು ಕಾರ್ಡನ್ನು ನಾವು ಮಾಡುತ್ತಿದ್ದೆವು. ನಮ್ಮ ಕಡೆ ಹುಣಸೆಹಣ್ಣನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ತಂಪು ಕಡಿಮೆಯಾದರೆ ಹಣ್ಣು ಕಪ್ಪಾಗುತ್ತದೆ, ಕಪ್ಪಾದ ಹಣ್ಣನ್ನು ಯಾರೂ ಮೂಸಿ ನೋಡುವುದಿಲ್ಲ. ನಮ್ಮ ಕಾರ್ಡು ಒಂದು ಕಂಪ್ಯೂಟರಿನೊಳಗೆ ಕೂತು ಎಂಟು ಕೋಣೆಗಳ ತಾಪಮಾನ ಓದಿ, ಬೇಕಾದಾಗ ಕಂಪ್ರೆಸರ್ ಶುರು ಮಾಡಿಸುತ್ತಿತ್ತು. ಕಾರ್ಡು ಮಾಡುವವರು ನಾಲ್ಕು ಜನ. ಆ ಕಾರ್ಡಿನ ಜೊತೆ ಕಂಪ್ಯೂಟರ್ ಮಾತಾಡಲು ಬೇಕಾದ ಡ್ರೈವರ್ ಬರೆಯುವವನು ನಾನೊಬ್ಬ.

ಡ್ರೈವರ್ ಅಂದರೆ ಜನ ಬೇರೆಯೇ ತಿಳಿದುಕೊಳ್ಳುತ್ತಿದ್ದರು. ನಾನು ಬಾಡಿಗೆಗಿದ್ದ ಮಹಡಿಯ ಕೆಳಗೆ ಮನೆ ಮಾಲೀಕರ ಕುಟುಂಬವಿತ್ತು. ಮನೆಯೊಳಗೆ ಉರ್ದು, ನನ್ನ ಜೊತೆ ಕನ್ನಡ. ಆ ಮನೆಯ ಅಜ್ಜಿ ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು, "ಡ್ರೈವರ್ ಕೆಲ್ಸ ಅಂತೀಯ, ಒಂದಿನಾನೂ ಗಾಡಿ ತಂದು ನಿಲ್ಸಿದ್ದು ನೋಡ್ಲಿಲ್ವಲ್ಲ ಬೇಟಾ" ಅಂದರು. ಕಂಪ್ಯೂಟರಿನ ಒಳಗಡೆಯ ಕೆಲಸ ಎಂದು ಐದು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿ, "ಹಂಗಾರೆ ಯಾರ್ಗೂ ಕಾಣಲ್ಲ ಅನ್ನು" ಎಂದು ಒಳಗೆ ಹೋದರು. ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಮತ್ತೆ ಯಾರೂ ಹೇಳಲಿಲ್ಲ.

ನಾಲ್ಕು ದಿನ ತಲೆ ಕೆಡಿಸಿಕೊಂಡು ಒಂದು ತಪ್ಪು ಹಿಡಿದಾಗ ಯಾರಿಗಾದರೂ ಹೇಳಬೇಕು ಅನಿಸುತ್ತದೆ. ಹೇಳಲು ಯಾರೂ ಇರಲಿಲ್ಲ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು, ಎದುರಿನ ಅಕ್ಕಿ ಗಿರಣಿಯ ಗೋಡೆ ನೋಡಿ, ವಾಪಸ್ ಬಂದು ಕೂರುತ್ತಿದ್ದೆ. ಹುಟ್ಟಿದ ಊರು ಕುಣಿಗಲ್. ಅಮ್ಮ ಹೋದಮೇಲೆ ಅಲ್ಲಿ ನನಗೆ ಮಾತಾಡುವಂಥವರು ಉಳಿದಿರಲಿಲ್ಲ. ಮದುವೆ ಒಂದೆರಡು ಸಲ ಕುದುರಿ ತಪ್ಪಿತ್ತು. ಮಾತಿಲ್ಲದೆ ಮಾತಿಲ್ಲದೆ ನನಗೆ ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಸಾಲ್ಡರಿಂಗ್ ಮಾಡುವವರು ರೇಡಿಯೊ ಜೋರು ಇಟ್ಟರೂ ಹರಿಹಾಯುತ್ತಿದ್ದೆ, ಸಣ್ಣಗೆ ಇಟ್ಟರೂ ಹರಿಹಾಯುತ್ತಿದ್ದೆ.

ಹೀಗಿರುವಾಗ ಗುಬ್ಬಿಯಿಂದ ಅವರು ಬಂದರು. ಕಾರ್ಡುಗಳನ್ನು ಪರೀಕ್ಷೆ ಮಾಡಲು ಕಂಪನಿಯ ಮಾಲೀಕರು ಸೇರಿಸಿಕೊಂಡಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ನಲವತ್ತರ ಆಸುಪಾಸು. ಊರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆ. ತೊಂಬತ್ತರ ದಶಕವೆಲ್ಲ ಗುಬ್ಬಿಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡಿದ್ದರು. ಕೆಟ್ಟ ಟಿವಿ ರಿಪೇರಿ ಮಾಡಿಸುವ ಬದಲು ಜನ ಹೊಸದು ಕೊಳ್ಳಲು ಶುರು ಮಾಡಿದಾಗ ಒಂದು ಹಳೇ ಕಂಪ್ಯೂಟರ್ ತಂದು, ರಟ್ಟು ಕಿತ್ತುಹೋದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಸಿ ಭಾಷೆ ಕಲಿತಿದ್ದರು.

ಮೊದಲ ವಾರ ಅವರು ಊಟದ ಬಿಡುವಿನಲ್ಲಿ ನನ್ನ ಬೆನ್ನ ಹಿಂದೆ ನಿಂತು ಸ್ಕ್ರೀನ್ ನೋಡುತ್ತಿದ್ದರು. ಬೇರೆಯವರಾಗಿದ್ದರೆ ಬೈದು ಓಡಿಸುತ್ತಿದ್ದೆ. ಬೈಯಲು ತಿರುಗಿದೆ ಕೂಡ. ಅಷ್ಟರಲ್ಲಿ ಅವರು ಸ್ಕ್ರೀನಿನ ಮೇಲೆ ಬೆರಳಿಟ್ಟು ಕೇಳಿದರು:

"ಸಾರ್, ಇಲ್ಲಿ ಬೀಗ ಹಾಕೊಂಡೋನು ಈ ದಾರೀಲಿ ವಾಪಸ್ ಹೋಗ್ಬಿಟ್ರೆ ಬೀಗ ತೆಗ್ಯೋರು ಯಾರು?"

ಎರಡು ಕೆಲಸಗಳು ಒಂದೇ ಜಾಗಕ್ಕೆ ಒಟ್ಟಿಗೆ ಕೈ ಹಾಕದಿರಲಿ ಎಂದು ಕೋಡಿನಲ್ಲಿ ಬೀಗ ಹಾಕುತ್ತೇವೆ. ಕೆಲಸ ಮುಗಿದಮೇಲೆ ತೆಗೆಯಬೇಕು. ಏನೋ ದೋಷ ಬಂದು ಅರ್ಧದಲ್ಲೇ ಹಿಂತಿರುಗುವ ಒಂದು ದಾರಿಯಲ್ಲಿ ನಾನು ಬೀಗ ತೆಗೆಯುವುದನ್ನು ಮರೆತಿದ್ದೆ. ಎರಡು ದಿನದಿಂದ ಮಷೀನ್ ಯಾಕೆ ಸುಮ್ಮನೆ ನಿಂತುಬಿಡುತ್ತದೆ ಎಂದು ನಾನು ಹುಡುಕುತ್ತಿದ್ದದ್ದು ಅದನ್ನೇ. ಅವತ್ತೇ ನನ್ನ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಹಾಕಿದೆ.

ಆ ಕುರ್ಚಿ ತುಂಬಿದ್ದ ಒಂದೂವರೆ ವರ್ಷ ನಾನು ಸುಖವಾಗಿದ್ದೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಸಂಜೆ ಅವರ ಜೊತೆ ಸ್ಟೇಷನ್ನಿನವರೆಗೆ ನಡೆದು ಹೋಗುತ್ತಿದ್ದೆ. ನನ್ನ ರೂಮಿಗೆ ಅದು ದಾರಿಯೇ ಅಲ್ಲ. ಪ್ಲಾಟ್‌ಫಾರಂನಲ್ಲಿ ನಿಂತು ಇಂಟರಪ್ಟು, ಬಫರು ಎಂದು ನಾವು ಜಗಳವಾಡುವುದನ್ನು ಗುಬ್ಬಿ, ನಿಟ್ಟೂರಿನ ಪಾಸಿನವರು ಬೆರಗಾಗಿ ನೋಡುತ್ತಿದ್ದರು. ಅವರು ನನ್ನನ್ನು ಸಾರ್ ಅನ್ನುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವರು, ಹಾಗೆ ಕರೆಯಬೇಡಿ ಎಂದು ನಾನು ಒಂದು ಸಲವೂ ಹೇಳಲಿಲ್ಲ. ಅವರ ಜಾತಿ ಯಾವುದೆಂದು ಕೇಳಲಿಲ್ಲ. ಕೇಳದೆ ಇರುವುದೇ ನನ್ನ ದೊಡ್ಡಸ್ತಿಕೆ ಅಂದುಕೊಂಡಿದ್ದೆ.

ಆಮೇಲೆ ಎಚ್ಚರಿಕೆಗಳ ಪಟ್ಟಿ ಬಂತು.

ನಮ್ಮ ಕಾರ್ಡನ್ನು ಹೆಚ್ಚಿನ ಸಂಖ್ಯೆಯಲ್ಲಿ ಕೊಳ್ಳಲು ಬಂದ ಗಿರಾಕಿಯೊಬ್ಬರು ಒಂದು ಷರತ್ತು ಹಾಕಿದರು. ಕೋಡನ್ನು ಓಡಿಸದೆ, ಬರೀ ಓದಿಯೇ, ಇಲ್ಲಿ ತಪ್ಪಾಗಬಹುದು, ಅಲ್ಲಿ ತಪ್ಪಾಗಬಹುದು ಎಂದು ಹೇಳುವ ಪ್ರೋಗ್ರಾಂಗಳು ಆಗತಾನೇ ಬಳಕೆಗೆ ಬರುತ್ತಿದ್ದವು. ನಮ್ಮ ಡ್ರೈವರನ್ನು ಅಂಥದೊಂದಕ್ಕೆ ಒಪ್ಪಿಸಬೇಕು, ಅದು ಕೊಡುವ ಪ್ರತಿಯೊಂದು ಎಚ್ಚರಿಕೆಗೂ ಉತ್ತರ ಬರೆದಿಡಬೇಕು ಎಂಬುದು ಷರತ್ತು. ಒಪ್ಪಿಸಿದೆ. ನಾನೂರ ಹನ್ನೆರಡು ಎಚ್ಚರಿಕೆಗಳು ಬಂದವು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಹಾಳೆ ಇಳಿದು ಇಳಿದು ನೆಲದ ಮೇಲೆ ಮಡಿಕೆ ಬಿದ್ದಿತು. ನನ್ನ ಕೋಡಿನಲ್ಲಿ ತಪ್ಪು ಹುಡುಕಲು ಈ ಯಂತ್ರ ಯಾರು ಎಂದು ನನಗೆ ಮೈ ಉರಿದುಹೋಯಿತು.

ಮುಕ್ಕಾಲು ಪಾಲು ಎಚ್ಚರಿಕೆಗಳು ಒಂದೇ ಜಾತಿಯವು. ಹೊರಗಿನಿಂದ ಬಂದ ಬೆಲೆಯನ್ನು, ಅಂದರೆ ಸಂಖ್ಯೆಯನ್ನು, ಪರೀಕ್ಷಿಸದೆ ಬಳಸಿದ್ದೀರಿ ಎಂಬ ದೂರು. ಕಂಪ್ಯೂಟರಿನಲ್ಲಿ ಮಾಮೂಲಿ ಪ್ರೋಗ್ರಾಂ ತಪ್ಪು ಮಾಡಿದರೆ ಅದೊಂದು ಸಾಯುತ್ತದೆ. ಕರ್ನಲ್ ಅನ್ನುವ ಭಾಗ ಎಲ್ಲಕ್ಕೂ ಅಡಿಪಾಯ. ಅಲ್ಲಿ ತಪ್ಪಾದರೆ ಇಡೀ ಮಷೀನ್ ಮಲಗುತ್ತದೆ. ನಮ್ಮ ಡ್ರೈವರ್ ಓಡುವುದು ಕರ್ನಲ್ಲಿನೊಳಗೆ. ಎಂಟು ಕೋಣೆಗಳಿಗೆ ಸೊನ್ನೆಯಿಂದ ಏಳರವರೆಗೆ ನಂಬರು ಕೊಟ್ಟಿದ್ದೆವು. ಮೇಲಿನಿಂದ ಯಾರೋ ಮೂರನೇ ಕೋಣೆಯ ತಾಪಮಾನ ಕೊಡು ಅಂದರೆ ಸರಿ. ಐವತ್ತನೇ ಕೋಣೆಯದು ಕೊಡು ಅಂದರೆ? ಇಲ್ಲದ ಕೋಣೆಯನ್ನು ಹುಡುಕಿಕೊಂಡು ಡ್ರೈವರ್ ಯಾರದೋ ಮೆಮೊರಿಗೆ ಕೈ ಹಾಕುತ್ತದೆ. ಆದ್ದರಿಂದ ಹೊರಗಿನಿಂದ ಬಂದ ನಂಬರನ್ನು ಮೊದಲು ನೋಡಿ, ಸೊನ್ನೆಗೂ ಏಳಕ್ಕೂ ನಡುವೆ ಇದ್ದರೆ ಮಾತ್ರ ಬಳಸಬೇಕು. ಹಾಗೆ ನೋಡದೆ ಇರುವ ಬೆಲೆಯನ್ನು ಆ ಪ್ರೋಗ್ರಾಂ ಟೇಂಟೆಡ್ ಎಂದು ಕರೆಯುತ್ತಿತ್ತು.

ಕಾರ್ಡಿನವರೂ ಉತ್ತರ ಬರೆಯಲು ಕೈಜೋಡಿಸಬೇಕಾಗಿತ್ತು. ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಒಂದು ನೋಟ್‌ಬುಕ್ ಮಾಡಿಡಿ ಎಂದು ಮಾಲೀಕರು ಹೇಳಿದರು. ನನಗೆ ಉತ್ಸಾಹ ಬಂತು. ಟೇಂಟೆಡ್ ಎಂಬುದಕ್ಕೆ ಪದ ಹುಡುಕಿದೆ. ಕಳಂಕಿತ, ದೂಷಿತ, ಯಾವುದೂ ನಾಲಿಗೆಗೆ ಹತ್ತಲಿಲ್ಲ. ಕುಣಿಗಲ್ಲಿನ ನಮ್ಮ ಮನೆಯಲ್ಲಿ ಮಡಿ ಜೋರಾಗಿತ್ತು. ಸ್ನಾನ ಮಾಡಿದ ಅಜ್ಜಿಯನ್ನು ನಾವು ಮಕ್ಕಳು ಸ್ಕೂಲಿನಿಂದ ಬಂದ ಬಟ್ಟೆಯಲ್ಲಿ ಮುಟ್ಟಿದರೆ ಇನ್ನೊಂದು ಸ್ನಾನ. ಸಿಕ್ಕಿತಲ್ಲ ಎಂದು ಬರೆದೇಬಿಟ್ಟೆ: "ಹೊರಗಿನಿಂದ ಬಂದದ್ದು ಮೈಲಿಗೆ. ತಪಾಸಣೆ ಆದಮೇಲೆ ಮಡಿ. ಮೈಲಿಗೆಯಾದ ಬೆಲೆಯನ್ನು ಕರ್ನಲ್ಲಿನೊಳಗೆ ಏನನ್ನೂ ಮುಟ್ಟಲು ಬಿಡಬಾರದು."

ಮಾಲೀಕರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ರೀ, ಒಂದ್ ಸಾಲಲ್ಲಿ ಹೇಳ್ಬಿಟ್ರಲ್ಲ" ಅಂದರು. ಬಂದವರಿಗೆಲ್ಲ ಓದಿ ತೋರಿಸಿದರು. ವಾರದೊಳಗೆ ಕಂಪನಿಯಲ್ಲಿ ಅದು ಮನೆಮಾತಾಯಿತು. ಸಾಲ್ಡರಿಂಗ್ ಮೇಜಿನಿಂದ ಕೂಗು ಕೇಳುತ್ತಿತ್ತು: "ಲೋ, ಆ ವೇರಿಯಬಲ್ ಮುಟ್ಬೇಡ ಕಣೋ, ಮೈಲಿಗೆ!" ಎಲ್ಲರೂ ನಗುತ್ತಿದ್ದರು. ನನ್ನ ಕೆಲಸ ಮೊದಲ ಸಲ ನಾಲ್ಕು ಜನರ ಬಾಯಲ್ಲಿ ಇತ್ತು. ನಾನು ಉಬ್ಬಿಹೋದೆ.

ಪಕ್ಕದ ಕುರ್ಚಿಯಲ್ಲಿದ್ದ ಅವರು ನಗುತ್ತಿದ್ದರೋ ಇಲ್ಲವೋ ನಾನು ನೋಡಲಿಲ್ಲ. ನೋಡಿದ್ದು ಅವರ ಬರವಣಿಗೆಯನ್ನು. ನೋಟ್‌ಬುಕ್ಕಿನಲ್ಲಿ ಪ್ರತಿ ಎಚ್ಚರಿಕೆಯ ಎದುರಿಗೆ ಮಡಿಯೋ ಮೈಲಿಗೆಯೋ ಎಂದು ಬರೆಯಬೇಕಾದ ಕಡೆ ಅವರು ಸಣ್ಣ ಅಕ್ಷರದಲ್ಲಿ "ತಪಾಸಣೆ ಆಗಿಲ್ಲ" ಎಂದು ಬರೆಯುತ್ತಿದ್ದರು. ಒಂದು ಪುಸ್ತಕದಲ್ಲಿ ಒಂದಕ್ಕೆ ಎರಡು ಹೆಸರಿದ್ದರೆ ನನಗೆ ಆಗುವುದಿಲ್ಲ. ಅವರದನ್ನು ಹೊಡೆದುಹಾಕಿ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮೈಲಿಗೆ ಎಂದು ಬರೆದೆ. ಮಾರನೇ ದಿನ ಮತ್ತೆ "ತಪಾಸಣೆ ಆಗಿಲ್ಲ". ಮತ್ತೆ ಹೊಡೆದೆ. ಮೂರನೇ ಸಲ ಕರೆದು ಹೇಳಿದೆ:

"ಎಲ್ಲರೂ ಒಂದೇ ಪದ ಬಳಸೋಣ ಅಂತ ತಾನೇ ಇದನ್ನ ಮಾಡಿದ್ದು?"

"ಸರಿ ಸಾರ್" ಅಂದರು. ಆಮೇಲೆ ಆ ಕಾಲಂ ಖಾಲಿ ಬಿಡತೊಡಗಿದರು. ಮರೆವು ಅಂದುಕೊಂಡು ನಾನೇ ತುಂಬಿಕೊಂಡೆ.

ಎಚ್ಚರಿಕೆಗಳಿಗೆ ಉತ್ತರ ಬರೆಯುವುದು ಬೇಸರದ ಕೆಲಸ. ಹೆಚ್ಚಿನವು ಸುಳ್ಳು ಎಚ್ಚರಿಕೆಗಳು. ಪರೀಕ್ಷೆ ಬೇರೆಲ್ಲೋ ಆಗಿರುತ್ತದೆ, ಅದು ಆ ಪ್ರೋಗ್ರಾಮಿಗೆ ಕಾಣುವುದಿಲ್ಲ. ಮುನ್ನೂರು ದಾಟುವ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ಓದದೆಯೇ ಬೇಕಿಲ್ಲ, ಬೇಕಿಲ್ಲ ಎಂದು ಗೀಚುತ್ತಿದ್ದೆ. ಅವರು ಮಾತ್ರ ಒಂದೊಂದನ್ನೂ ಹಿಂಬಾಲಿಸಿಕೊಂಡು ಆ ನಂಬರು ಹುಟ್ಟಿದ ಜಾಗದವರೆಗೆ ಹೋಗಿ ಬರುತ್ತಿದ್ದರು. ಒಂದು ಮಧ್ಯಾಹ್ನ ಹಾಳೆ ಹಿಡಿದುಕೊಂಡು ಬಂದರು.

"ಸಾರ್, ಇದು ನಿಜವಾದ್ದೇ ಅನ್ಸುತ್ತೆ. ನಂಬರು ಏಳಕ್ಕಿಂತ ಜಾಸ್ತಿ ಇದ್ರೆ ಬೇಡ ಅಂತೀವಿ. ಸೊನ್ನೆಗಿಂತ ಕಮ್ಮಿ ಬಂದ್ರೆ ಏನೂ ಅನ್ನಲ್ಲ."

"ಸೊನ್ನೆಗಿಂತ ಕಮ್ಮಿ ಯಾರ್ರೀ ಕೊಡ್ತಾರೆ? ಮೈನಸ್ ಒಂದನೇ ಕೋಣೆ ಅಂತ ಎಲ್ಲಾದ್ರೂ ಇರುತ್ತಾ?"

"ಇರಲ್ಲ ಸಾರ್. ಬಂದ್ರೆ ಅಂತ."

"ಈ ಫಂಕ್ಷನ್ನಿಗೆ ನಂಬರ್ ಬರೋದು ಎಲ್ಲಿಂದ ಹೇಳಿ? ನಮ್ಮ ಸೆಟಪ್ ಪ್ರೋಗ್ರಾಂನಿಂದ. ಅದನ್ನ ಬರೆದೋನು ನಾನು. ಹೊರಗಿನೋರು ಯಾರೂ ಇಲ್ಲ ಅಲ್ಲಿ."

ಅವರು ಹಾಳೆಯನ್ನು ಇನ್ನೂ ಹಿಡಿದೇ ಇದ್ದರು. "ಒಂದ್ ಸಾಲು ಸೇರ್ಸಿದ್ರೆ ಆಗೋಗುತ್ತೆ ಸಾರ್" ಅಂದರು. ಅವರ ಎದುರೇ ನೋಟ್‌ಬುಕ್ ಎಳೆದುಕೊಂಡು ಆ ಎಚ್ಚರಿಕೆಯ ಮುಂದೆ ಬರೆದೆ: "ನಮ್ಮದೇ ಪ್ರೋಗ್ರಾಂನಿಂದ ಬರುವುದು. ಮಡಿ. ತಪಾಸಣೆ ಬೇಕಿಲ್ಲ." ಬರೆದು ಪೆನ್ನಿನ ಮುಚ್ಚಳ ಹಾಕಿದೆ. ನಾನೂರ ಹನ್ನೆರಡಕ್ಕೂ ಉತ್ತರವಾಯಿತು. ಗಿರಾಕಿ ಒಪ್ಪಿದರು, ಕಾರ್ಡುಗಳು ಹೋದವು. ಅವುಗಳಲ್ಲೊಂದು ಕುಣಿಗಲ್ ಹತ್ತಿರದ ಒಂದು ಕೋಲ್ಡ್ ಸ್ಟೋರೇಜಿಗೆ ಹೋಯಿತು.

ಎರಡು ತಿಂಗಳಿಗೆ ಅಲ್ಲಿಂದ ಫೋನು. ಮಷೀನ್ ನಿಂತಿದೆ, ಹೊಸದಾಗಿ ಶುರು ಮಾಡಿದರೂ ನಿಲ್ಲುತ್ತದೆ, ಕಂಪ್ರೆಸರನ್ನು ಕೈಯಲ್ಲೇ ಹಾಕಿ ತೆಗೆದು ಮಾಡುತ್ತಿದ್ದೇವೆ ಎಂದರು. ನಾವಿಬ್ಬರೂ ಬೆಳಗಿನ ಬಸ್ಸು ಹತ್ತಿದೆವು. ಗೂಳೂರು ದಾಟಿತು, ಹೆಬ್ಬೂರು ದಾಟಿತು, ನಾನು ಕಾರ್ಡಿನವರನ್ನು ಬೈಯುತ್ತಲೇ ಇದ್ದೆ. ಸಾಲ್ಡರಿಂಗ್ ಸರಿಯಿಲ್ಲ, ವೈರು ಸರಿಯಿಲ್ಲ, ಅರ್ತಿಂಗ್ ಸರಿಯಿಲ್ಲ. ಅವರು ಕಿಟಕಿಯಾಚೆ ನೋಡುತ್ತ ಹೂಂಗುಟ್ಟುತ್ತಿದ್ದರು.

ಅಲ್ಲಿನ ಮ್ಯಾನೇಜರು ಬಾಗಿಲಲ್ಲೇ ಕಾಯುತ್ತಿದ್ದರು. "ಹಣ್ಣು ಕರ್ರಗಾದ್ರೆ ರೈತರಿಗೆ ನಾನೇನ್ ಹೇಳ್ಲಿ ಸ್ವಾಮಿ? ನಿಮ್ ಕಂಪ್ಯೂಟರ್ ಕೈ ಕೊಡ್ತು ಅಂತ ಹೇಳ್ಲಾ?" ಎಂದು ಕೂಗಾಡಿದರು. ನಾನೂ ಕೂಗಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮ್ಯಾನೇಜರನ್ನು ಮೆಲ್ಲಗೆ ಕೇಳಿದರು: "ನಿಲ್ಲೋಕ್ ಮುಂಚೆ ಏನಾದ್ರೂ ಬದಲಾಯಿಸಿದ್ರಾ ಸಾರ್?"

ಬದಲಾಯಿಸಿದ್ದರು. ಆರನೇ ಕೋಣೆಯ ಬಾಗಿಲು ರಿಪೇರಿಗೆ ಬಂದಿತ್ತು. ಅದನ್ನು ಖಾಲಿ ಮಾಡಿ, ಸೆಟಪ್ ಪ್ರೋಗ್ರಾಂನಲ್ಲಿ "ಈ ಕೋಣೆ ಬಳಕೆಯಲ್ಲಿಲ್ಲ" ಎಂಬುದನ್ನು ಆರಿಸಿದ್ದರು. ಆ ಒಂದು ಸೌಲಭ್ಯವನ್ನು ಯಾರೂ ಅಲ್ಲಿಯವರೆಗೆ ಬಳಸಿರಲಿಲ್ಲ. ಬಳಕೆಯಲ್ಲಿಲ್ಲದ ಕೋಣೆಗೆ ಏನು ನಂಬರು ಕೊಡುವುದು ಎಂದು ಒಂದು ಕಾಲದಲ್ಲಿ ಯೋಚಿಸಿ, ಆ ಪ್ರೋಗ್ರಾಂನಲ್ಲಿ ಮೈನಸ್ ಒಂದು ಎಂದು ಇಟ್ಟವನು ನಾನೇ. ಇಟ್ಟು ಮರೆತಿದ್ದೆ. ಮೈನಸ್ ಒಂದು ಏಳಕ್ಕಿಂತ ಕಡಿಮೆ ತಾನೇ? ಡ್ರೈವರ್ ಸಲೀಸಾಗಿ ಒಳಗೆ ಬಿಟ್ಟುಕೊಂಡು, ಸೊನ್ನೆಗಿಂತ ಹಿಂದಿನ ಮೆಮೊರಿಗೆ ಬರೆದು, ಮಷೀನನ್ನು ಮಲಗಿಸಿತ್ತು.

ಅವರು ಕೂತು ಆ ಒಂದು ಸಾಲು ಸೇರಿಸಿದರು. ಮಷೀನ್ ಎದ್ದಿತು. ಹಣ್ಣು ಕೆಟ್ಟಿರಲಿಲ್ಲ. ಮ್ಯಾನೇಜರು ಅವರ ಕೈ ಕುಲುಕಿದರು, ನನ್ನ ಕಡೆ ನೋಡಲೂ ಇಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಕುಣಿಗಲ್ ಬಸ್ ಸ್ಟ್ಯಾಂಡಿಗೆ ಬಂದಾಗ ಮೂರು ಗಂಟೆ. ತುಮಕೂರಿನ ಬಸ್ಸು ಆಗಷ್ಟೇ ಹೋಗಿತ್ತು. ಕಲ್ಲು ಬೆಂಚಿನ ಮೇಲೆ ಕೂತೆವು. ತಪ್ಪಾಯಿತು ಅನ್ನಬೇಕಿತ್ತು. ನನ್ನ ಬಾಯಿಗೆ ಬಂದದ್ದು ಬೇರೆ. "ಅದನ್ನ ನೀವು ಇನ್ನೊಂಚೂರು ಗಟ್ಟಿಯಾಗಿ ಹೇಳ್ಬೇಕಿತ್ತು" ಅಂದೆ.

ಅವರು ನನ್ನ ಮುಖ ನೋಡಿದರು. "ಮಡಿ ಅಂತ ಬರ್ದಿದ್ರಲ್ಲ ಸಾರ್" ಅಂದರು.

ಹುತ್ರಿದುರ್ಗದ ಕಡೆಯ ಬಸ್ಸೊಂದು ಬಂದು ಜನರನ್ನು ಇಳಿಸಿ ಹೋಯಿತು. ಆಮೇಲೆ ಅವರೇ ಶುರು ಮಾಡಿದರು. ದನಿ ಏರಿಸಲಿಲ್ಲ. ಕೆಟ್ಟ ಟಿವಿ ಸೆಟ್ಟಿನ ಕತೆ ಹೇಳುವ ಹಾಗೆಯೇ ಹೇಳಿದರು.

"ನಮ್ಮೂರಲ್ಲಿ ಒಂದ್ ದೊಡ್ಮನೆ ಇತ್ತು ಸಾರ್. ನಾನಾಗ ಹೊಸದಾಗಿ ಕೆಲ್ಸ ಕಲ್ತಿದ್ದೆ. ಅವ್ರ ರೇಡಿಯೊ ಕೆಟ್ಟಿತ್ತು. ಹೇಳ್ಕಳಿಸಿದ್ರು. ರೇಡಿಯೋನ ಅಂಗಳಕ್ ತಂದಿಟ್ರು. ಸಾಲ್ಡರ್ ಮಾಡೋಕ್ ಕರೆಂಟ್ ಬೇಕಲ್ಲ, ಒಳಗಿಂದ ವೈರ್ ಎಳ್ಕೊಟ್ರು. ಬಿಸ್ಲಲ್ ಕೂತು ಮಾಡ್ಕೊಟ್ಟೆ, ಹಾಡೂ ಬಂತು. ಎದ್ದು ಹತ್ ಹೆಜ್ಜೆ ಹೋಗಿಲ್ಲ, ಆ ಮನೆ ಅಜ್ಜಮ್ಮ ಚೊಂಬಲ್ ನೀರ್ ತಂದು ರೇಡಿಯೊ ಮೇಲೆ ಚಿಮುಕ್ಸಿದ್ರು. ನಾನ್ ಮುಟ್ಟಿದ್ನಲ್ಲ, ಅದಕ್ಕೆ."

"ಆಮೇಲೆ?"

"ಆಮೇಲೇನ್ ಸಾರ್, ಚಟ್ ಅಂತು, ನಿಂತೋಯ್ತು. ವಾಪಸ್ ನನ್ನೇ ಕರೆದ್ರು."

ಅವರು ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಇನ್ನೊಂದ್ ಸಲ ಮಾಡ್ಕೊಟ್ಟೆ. ಇನ್ನೊಂದ್ ಸಲ ನೀರ್ ಹಾಕಿದ್ರು. ಮೂರ್ನೇ ಸಲ ಕರೆದಾಗ ಹೋಗ್ಲಿಲ್ಲ."

ಏನಾದರೂ ಹೇಳಬೇಕಿತ್ತು. ನಾನು ಹೇಳಿದ್ದು, "ನಾನು ಆ ಅರ್ಥದಲ್ಲಿ ಬರೆದದ್ದಲ್ಲ" ಎಂದು.

"ಗೊತ್ತು ಸಾರ್. ಆ ಅರ್ಥದಲ್ ಬರ್ದಿದ್ರೆ ಅವತ್ತೇ ಬಿಟ್ಟೋಗ್ತಿದ್ದೆ." ಅವರು ಬೆಂಚಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು. "ಆದ್ರೆ ಪದಾನೂ ತಪ್ಪು ಸಾರ್, ಲೆಕ್ಕದಲ್ಲೇ ತಪ್ಪು. ಕೋಡಲ್ಲಿ ನಂಬರ್ ಎಲ್ಲಿಂದ ಬಂದಿದ್ರೂ ಒಂದ್ ಸಲ ನೋಡ್ತೀರಿ. ಸೊನ್ನೆಯಿಂದ ಏಳ್ರೊಳಗೆ ಇದ್ರೆ ಬಾ ಅಂತೀರಿ. ಅದು ತಪಾಸಣೆ. ಮೈಲಿಗೇಲಿ ತಪಾಸಣೆ ಎಲ್ಲಿದೆ? ನಮ್ಮನ್ನ ಯಾರೂ ನೋಡ್ಲೇ ಇಲ್ಲ ಸಾರ್. ಯಾವ್ ಕೇರಿ ಅಂತ ಕೇಳಿದ್ರು, ಅಷ್ಟೇ."

ಆಗ ಬಸ್ಸು ಬಂತು. ಸೀಟು ಸಿಗಲಿಲ್ಲ. ಅವರು ಮುಂದೆ ನಿಂತರು, ನಾನು ಹಿಂದೆ ನಿಂತೆ. ನಾನು ಹುಟ್ಟಿದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಆ ಮಾತು ಕೇಳಿಸಿಕೊಂಡು, ಒಂದೂ ಕಾಲು ಗಂಟೆ ಅವರ ಬೆನ್ನು ನೋಡುತ್ತ ಬಂದೆ. ಎಷ್ಟು ಸಲ ಅವರ ಅಕ್ಷರವನ್ನು ಕೆಂಪು ಶಾಯಿಯಲ್ಲಿ ಹೊಡೆದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಮಾರನೇ ದಿನ ಹೊಸ ನೋಟ್‌ಬುಕ್ ತಂದೆ. ನಾನೂರ ಹನ್ನೆರಡು ಉತ್ತರಗಳನ್ನೂ ಮತ್ತೆ ಮೊದಲಿನಿಂದ ಬರೆದೆ. ಮೈಲಿಗೆ ಇದ್ದ ಕಡೆಯೆಲ್ಲ ತಪಾಸಣೆ ಆಗಿಲ್ಲ, ಮಡಿ ಇದ್ದ ಕಡೆಯೆಲ್ಲ ತಪಾಸಣೆ ಆಗಿದೆ. ಬರೆಯುತ್ತ ಹೋದಂತೆ ಓದದೆ ಗೀಚಿದ್ದ ಇನ್ನೂ ನಾಲ್ಕು ನಿಜವಾದ ತಪ್ಪುಗಳು ಸಿಕ್ಕವು. ನಾಲ್ಕೂ ನಮ್ಮದೇ ಪ್ರೋಗ್ರಾಂನಿಂದ ಬರುವುದು ಎಂದು ನಾನು ನೋಡದೆ ಬಿಟ್ಟಿದ್ದವು. ಎಂಟು ದಿನ ಹಿಡಿಯಿತು. ಹಳೆಯದನ್ನು ಹರಿದುಹಾಕಿದೆ. ಕಾರ್ಡಿನವರು ಮೈಲಿಗೆ ಎಂದು ಕೂಗಿದಾಗ ಹೋಗಿ ಬೈದೆ. ಅವರಿಗೆ ಅರ್ಥವಾಗಲಿಲ್ಲ, ನನ್ನ ಮಾಮೂಲಿ ಸಿಡುಕು ಅಂದುಕೊಂಡು ಸುಮ್ಮನಾದರು. ಮಾಲೀಕರು ಮಾತ್ರ, "ಆ ಹಳೇದೇ ಮಜವಾಗಿತ್ತಲ್ರೀ" ಎಂದು ಪೇಚಾಡಿದರು.

ಹೊಸ ನೋಟ್‌ಬುಕ್ಕನ್ನು ನನ್ನ ಪಕ್ಕದಲ್ಲೇ ಕೂತಿದ್ದ ಅವರ ಕೈಗೆ ಕೊಟ್ಟೆ. ಪುಟ ಪುಟವಾಗಿ ತಿರುಗಿಸಿದರು. "ಅಕ್ಷರ ಚೆನ್ನಾಗಿದೆ ಸಾರ್" ಎಂದು ವಾಪಸ್ ಕೊಟ್ಟರು. ನಾನು ಕಾದದ್ದು ಬೇರೆ ಏನಕ್ಕೋ. ತಪ್ಪಾಯಿತು ಎಂಬ ಒಂದು ಮಾತು ಹೇಳಲು ನಾಲಿಗೆ ಏಳದೆ, ಎಂಟು ದಿನ ಬರೆದಿದ್ದೇ ಆ ಮಾತು ಎಂದು ಅವರೇ ತಿಳಿದುಕೊಳ್ಳಲಿ ಅಂದುಕೊಂಡಿದ್ದೆ. ತಿಳಿದುಕೊಂಡರೇನೋ. ಆದರೆ ಸಂಜೆ ಸ್ಟೇಷನ್ನಿಗೆ ನಡೆಯುವಾಗ ಮೊದಲಿನ ಹಾಗೆ ಜಗಳವಾಡುತ್ತಿರಲಿಲ್ಲ. ನಾನು ಹೇಳಿದ್ದಕ್ಕೆಲ್ಲ ಹೌದು ಸಾರ್ ಅನ್ನುತ್ತಿದ್ದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಒಂದು ತಿಂಗಳು ಕಳೆದ ಮೇಲೆ ಕೆಲಸ ಬಿಡುತ್ತೇನೆಂದರು. "ದಿನಾ ಟ್ರೇನು ಕಷ್ಟ ಆಯ್ತದೆ ಸಾರ್. ಗುಬ್ಬೀಲೇ ಮೊಬೈಲ್ ರಿಪೇರಿ ಅಂಗ್ಡಿ ಇಡ್ತೀನಿ." ಒಂದೂವರೆ ವರ್ಷ ಕಷ್ಟವಾಗದ ಟ್ರೇನು. ಹೋಗಬೇಡಿ ಅನ್ನಲು ನನಗೆ ಯಾವ ಬಾಯಿ ಇತ್ತು? ಕೊನೆಯ ದಿನ ಪ್ಲಾಟ್‌ಫಾರಂವರೆಗೆ ಹೋದೆ. "ಬರ್ತೀನಿ ಸಾರ್, ಆ ಕಡೆ ಬಂದಾಗ ಮನೇಗ್ ಬನ್ನಿ" ಅಂದರು. ಅವರ ಕುರ್ಚಿಯನ್ನು ಬಹಳ ದಿನ ಯಾರಿಗೂ ಎಳೆದುಕೊಂಡು ಹೋಗಲು ಬಿಡಲಿಲ್ಲ. ಆಮೇಲೆ ಯಾರೋ ಒಯ್ದರು, ಕೇಳಲಿಲ್ಲ.

ಅಷ್ಟರಲ್ಲಿ ಆ ಪರೀಕ್ಷಿಸುವ ಪ್ರೋಗ್ರಾಮಿನ ಹೊಸ ಆವೃತ್ತಿ ಬಂತು. ಹೊಸ ಎಚ್ಚರಿಕೆಗಳು ಬಂದವು. ಬೆಳಗಿನಿಂದ ಸಂಜೆಯವರೆಗೆ ನಾನೊಬ್ಬನೇ ಒಂದೊಂದು ನಂಬರಿನ ಹಿಂದೆ ಅದು ಹುಟ್ಟಿದ ಜಾಗದವರೆಗೆ ಹೋಗಿ ಬರುತ್ತಿದ್ದೆ, ಅವರು ಹೋಗುತ್ತಿದ್ದ ಹಾಗೆ. ಒಂದ್ ಸಲ ನೋಡಿ ಎಂದು ಪಕ್ಕಕ್ಕೆ ತಿರುಗಿಬಿಡುತ್ತಿದ್ದೆ. ಪಕ್ಕದಲ್ಲಿ ಗೋಡೆ. ಅವರಿಲ್ಲದೆ ನನಗೆ ಆಗುತ್ತಿಲ್ಲ ಎಂದು ಒಪ್ಪಿಕೊಳ್ಳಲು ನಾಲ್ಕು ತಿಂಗಳು ಬೇಕಾಯಿತು.

ಒಂದು ಭಾನುವಾರ ಗುಬ್ಬಿಗೆ ಹೊರಟೆ. ಎಚ್ಚರಿಕೆಗಳ ಎರಡು ಹಾಳೆಗಳನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅದು ನೆಪ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕು, ವಾಪಸ್ ಬನ್ನಿ ಎಂದು ಕೇಳಬೇಕು, ಬರದಿದ್ದರೂ ಹೀಗೆ ಭಾನುವಾರ ಬಂದು ಹೋಗುತ್ತೇನೆ ಎಂದು ಹೇಳಬೇಕು. ಟ್ರೇನಿನಲ್ಲಿ ಮೂರನ್ನೂ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದೆ.

ಸ್ಟೇಷನ್ನಿನಿಂದ ಅವರ ಮನೆ ಹತ್ತು ನಿಮಿಷದ ನಡಿಗೆ. ಹೊಸದಾಗಿ ಸುಣ್ಣ ಬಳಿದ ಸಣ್ಣ ಮನೆ, ಹೊರಗೆ ಒಂದು ಸಿಮೆಂಟಿನ ಕಟ್ಟೆ. ನನ್ನನ್ನು ನೋಡಿ ಅವರ ಮುಖ ಅರಳಿತು. ಅದನ್ನು ನಾನು ಕಣ್ಣಾರೆ ಕಂಡೆ. ಹೆಂಡತಿಯನ್ನು ಕೂಗಿ, "ನಾನ್ ಹೇಳ್ತಿರ್ಲಿಲ್ವಾ, ನಮ್ ಸಾರು" ಅಂದರು. ಬಾಗಿಲು ಪೂರ್ತಿ ತೆಗೆದು ಪಕ್ಕಕ್ಕೆ ಸರಿದು, "ಒಳಗ್ ಬನ್ನಿ ಸಾರ್" ಅಂದರು.

"ಪರವಾಗಿಲ್ಲ, ಇಲ್ಲೇ ಕೂತ್ಕೋತೀನಿ. ಟ್ರೇನಿಗೆ ಟೈಮಾಯ್ತು" ಅಂದೆ. ಅಂದು ಕಟ್ಟೆಯ ಮೇಲೆ ಕೂತೆ.

ಯಾಕೆ ಹಾಗಂದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬಂದ ಟ್ರೇನು ತಡವಾಗಿ, ವಾಪಸ್ ಟ್ರೇನಿಗೆ ಟೈಮಾಗಿದ್ದದ್ದು ನಿಜ. ಮನೆಯ ಹೆಂಗಸರಿಗೆ ತೊಂದರೆ ಕೊಡಬಾರದು ಅನ್ನಿಸಿದ್ದೂ ನಿಜ ಇರಬಹುದು. ಅದರ ಕೆಳಗೆ ಇನ್ನೇನಾದರೂ ಇತ್ತೇ? ಎಷ್ಟೋ ಸಲ ಹಿಂಬಾಲಿಸಿಕೊಂಡು ಹೋಗಿ ನೋಡಿದ್ದೇನೆ, ಹುಟ್ಟಿದ ಜಾಗ ಸಿಕ್ಕಿಲ್ಲ. ಇಲ್ಲ ಎಂದು ಎದೆ ಮುಟ್ಟಿ ಹೇಳಲು ಮಾತ್ರ ಆಗುವುದಿಲ್ಲ.

ಅವರು ಒಂದು ಕ್ಷಣ ಬಾಗಿಲಲ್ಲೇ ನಿಂತರು. ಆಮೇಲೆ "ಒಂದ್ ನಿಮಿಷ ಸಾರ್" ಎಂದು ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯ ಅಂಗಡಿಗೆ ಹೋದರು. ಒಳಗಿನಿಂದ ಕಾಫಿ ಕಾಯುವ ವಾಸನೆ ಬರುತ್ತಿತ್ತು. ಅವರು ಒಂದು ಸೋಡಾ ಬಾಟಲಿ ಹಿಡಿದು ವಾಪಸ್ ಬಂದರು. ಮುಚ್ಚಳವನ್ನು ನನ್ನ ಎದುರಿಗೇ ತೆಗೆದು, ಬಾಟಲಿಯ ಬಾಯಿಗೆ ಕೈ ತಾಗದ ಹಾಗೆ ಬುಡ ಹಿಡಿದು ಕೊಟ್ಟರು.

"ತಗೊಳ್ಳಿ ಸಾರ್."

ನನಗೆ ಕಾಫಿ ಕೊಡಿ ಅನ್ನಬಹುದಿತ್ತು. ಸೋಡಾ ಕುಡಿದೆ. ಅಂಗಡಿ ಹೇಗಿದೆ ಎಂದೆ, ನಡೀತಿದೆ ಸಾರ್ ಎಂದರು. ಕಾರ್ಡಿನವರೆಲ್ಲ ಚೆನ್ನಾಗಿದ್ದಾರಾ ಎಂದರು, ಚೆನ್ನಾಗಿದ್ದಾರೆ ಎಂದೆ. ಜೇಬಿನ ಹಾಳೆ ತೆಗೆಯಲಿಲ್ಲ. ಅಭ್ಯಾಸ ಮಾಡಿಕೊಂಡು ಬಂದಿದ್ದ ಮೂರರಲ್ಲಿ ಒಂದನ್ನೂ ಹೇಳಲಿಲ್ಲ. ಖಾಲಿ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಎದ್ದೆ. ಅವರು ತಿರುವಿನವರೆಗೆ ಬಂದು ಕಳಿಸಿ ಹೋದರು.

ಸ್ಟೇಷನ್ನಿನಲ್ಲಿ ಟ್ರೇನು ಮುಕ್ಕಾಲು ಗಂಟೆ ಲೇಟು ಎಂದರು. ಪ್ಲಾಟ್‌ಫಾರಂನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹತ್ತು ನಿಮಿಷ ಹೋಗಲು, ಹತ್ತು ನಿಮಿಷ ಬರಲು, ನಡುವೆ ಒಳಗೆ ಕೂತು ಒಂದು ಲೋಟ ಕಾಫಿ ಕುಡಿಯಲು ಬೇಕಾದಷ್ಟು ಹೊತ್ತಿತ್ತು. ಎರಡು ಸಲ ಎದ್ದು ಗೇಟಿನವರೆಗೆ ಹೋದೆ. ಎರಡು ಸಲವೂ ವಾಪಸ್ ಬಂದು ಕೂತೆ. ಟ್ರೇನು ಬಂತು, ಹತ್ತಿದೆ.